ಗಾಜಿನಾಚೆ ಆಡಿದ ಮಾತು

“ಬೇರೆಯವರಿಗೆ ಬಸ್ಸಿನ ಕಿಟಕಿ ಮುಚ್ಚಿಬಿಟ್ರೆ ಮಾತು ಮುಗೀತು, ದೊಡ್ಡಮ್ಮ. ಒಳಗಿರೋರು ಏನೋ ಬಾಯಿ ಆಡಿಸ್ತಾರೆ, ಹೊರಗಿರೋರು ಏನು ಏನು ಅಂತ ಕಿವಿ ಹತ್ರ ಕೈ ಇಟ್ಕೋತಾರೆ. ನನಗೂ ನನ್ನ ಹೆಂಡತಿಗೂ ಹಾಗಲ್ಲ. ಗಾಜು ಇದ್ರೂ ಒಂದೇ, ಇಲ್ಲದಿದ್ರೂ ಒಂದೇ. ಅವಳು ಒಳಗೆ ಕೂತು ಕೈಯಲ್ಲಿ ಹೇಳ್ತಾಳೆ, ನಾನು ಹೊರಗೆ ನಿಂತು ಕೈಯಲ್ಲಿ ಹೇಳ್ತೀನಿ. ಬಸ್ಸು ತಿರುವು ದಾಟೋವರೆಗೂ ಹೇಳ್ತಾನೇ ಇರ್ತೀವಿ. ಒಲೆ ಆರಿಸು, ಹಾಲು ಕಾಯಿಸೋದು ಮರೀಬೇಡ, ಎಲ್ಲಾ ಆಗಲೇ ನೆನಪಾಗೋದು. ಮನೇಲಿ ಹೇಳಕ್ಕಾಗದೇ ಇದ್ದದ್ದೂ ಆಗಲೇ ಬರೋದು. ಹಿಂದೆ ಒಂದ್ಸಲ ಅಕ್ಕನ ಮನೆಗೆ ಹೋಗುವಾಗ, ಬಸ್ಸು ಹೊರಟ ಮೇಲೆ, ನಿನ್ನ ನೀಲಿ ಶರ್ಟು ಇಸ್ತ್ರಿ ಮಾಡುವಾಗ ಸುಟ್ಟುಬಿಟ್ಟೆ, ಬೀರು ಹಿಂದೆ ಬಚ್ಚಿಟ್ಟಿದೀನಿ ಅಂತ ಹೇಳಿ ನಕ್ಕಿದ್ಲು. ಓಡಿಹೋಗಿ ಹಿಡಿಯೋಕಾಗುತ್ತಾ? ನಾನೂ ನಿಂತಲ್ಲೇ ನಕ್ಕೆ. ಪಕ್ಕದಲ್ಲಿದ್ದೋರು ಇವನಿಗೇನಾಯ್ತಪ್ಪಾ ಅಂತ ದೂರ ಸರಿದ್ರು.

ಇವತ್ತೂ ಹಾಗೇ ನಿಂತಿದ್ದೆ. ಚೀಲ ಮೇಲಿಟ್ಟು ಇಳಿದೆ. ಡ್ರೈವರು ಇನ್ನೂ ಹತ್ತಿರಲಿಲ್ಲ. ಜೇಬಲ್ಲಿ ಫೋನು ಗುರ್ ಅಂತು. ತೆಗೆದು ನೋಡಿದೆ. ಒಂದು ವಿಡಿಯೊದಲ್ಲಿ ಯಾರೋ ಒಬ್ಬ, ಯಾವ ದೇಶದೋನೋ, ತುಕ್ಕು ಹಿಡಿದ ಕತ್ತರಿನ ಉಜ್ಜಿ ಹೊಳಪು ಮಾಡ್ತಿದ್ದ. ಅದು ಬೆಳ್ಳಗಾಗೋದೊಂದು ನೋಡಿಬಿಡೋಣ ಅಂತ ನಿಂತೆ, ಅಷ್ಟೇ. ತಲೆ ಎತ್ತಿದಾಗ ಬಸ್ಸು ತಿರುವಿನಲ್ಲಿತ್ತು. ಗಾಜಿನ ಹಿಂದೆ ಅವಳ ಕೈ ಆಡ್ತಾ ಇತ್ತು. ಕೈ ಕಾಣ್ತು, ಮಾತು ಕಾಣಲಿಲ್ಲ. ಎಷ್ಟು ಹೊತ್ತಿಂದ ಹೇಳ್ತಿದ್ಲೋ. ಏನು ಹೇಳಿದ್ಲು ಅಂತ ಯಾರನ್ನ ಕೇಳಲಿ? ಅಲ್ಲಿದ್ದೋರು ಒಬ್ಬರಿಗೂ ಆ ಮಾತು ಬರಲ್ಲ. ಬಂದಿದ್ರೂ ಏನು ಬಂತು, ಎಲ್ಲರೂ ಬಗ್ಗಿಕೊಂಡು ಅವರವರ ಫೋನು ನೋಡ್ತಿದ್ರು.”

ಇದನ್ನು ಹೇಳಿದವನು ನಮ್ಮ ಮೇಲಿನ ಮನೆಯ ಕ್ಷೌರಿಕ. ನಾನು ಮೆಟ್ಟಿಲ ಬುಡದಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದೆ. ಅವನು ಬಸ್ ನಿಲ್ದಾಣದಿಂದ ನೇರವಾಗಿ ಬಂದು ನನ್ನ ಪಕ್ಕ ಕುಸಿದು ಕೂತ. ಒಂದು ಬಟಾಣಿ ಸಿಪ್ಪೆಯನ್ನು ಕೈಗೆತ್ತಿಕೊಂಡು, ಅದನ್ನೇ ಮಡಿಸುತ್ತ ಬಿಡಿಸುತ್ತ ಇಷ್ಟನ್ನೂ ಹೇಳಿದ.

ಬೀದಿಯವರೆಲ್ಲ ಅವನನ್ನು ರೇಡಿಯೊ ಎಂದೇ ಕರೆಯುತ್ತಾರೆ. ಅಂಗಡಿಯ ಬಾಗಿಲು ತೆರೆದಾಗಿನಿಂದ ಹಾಕುವವರೆಗೆ ಅವನ ಬಾಯಿಗೆ ಬಿಡುವೆಂಬುದು ಇರಲಿಲ್ಲ. ಚಿಕ್ಕಂದಿನಲ್ಲಿ ಸೋದರಮಾವನ ಕೈಕೆಳಗೆ ಕೆಲಸ ಕಲಿತವನು. ಕತ್ತರಿ ಕೂದಲಿಗೆ ತಾಗದಿರುವಾಗಲೂ ಗಾಳಿಯಲ್ಲಿ ಚಕ್‌ಚಕ್ ಎನ್ನುತ್ತಿರಬೇಕು, ಗಿರಾಕಿಯ ಜೊತೆ ಮಾತು ನಿಲ್ಲಬಾರದು ಎಂದು ಮಾವ ಕಲಿಸಿದ್ದನಂತೆ. ಅದಕ್ಕೆ ಕಾರಣವನ್ನೂ ಹೇಳಿದ್ದನಂತೆ. ಮಾತಾಡುವವನು ಕನ್ನಡಿಯಲ್ಲಿ ನಿನ್ನ ಮುಖ ನೋಡುತ್ತಾನೆ. ಮುಖ ನೋಡುವವನ ತಲೆ ನೆಟ್ಟಗಿರುತ್ತದೆ. ತಲೆ ನೆಟ್ಟಗಿದ್ದರೆ ಎರಡು ಕಿವಿಯ ಪಕ್ಕವೂ ಕೂದಲು ಸಮನಾಗಿ ಬೀಳುತ್ತದೆ. ರೇಡಿಯೊನ ಬಾಯಿಮಾತು ಬರೀ ಬಾಯಿಚಪಲವಲ್ಲ, ಅದೂ ಬಾಚಣಿಗೆಯ ಹಾಗೆ ಅವನ ಕಸುಬಿನ ಸಾಮಾನು.

ಇಂಥವನು ಕಟ್ಟಿಕೊಂಡದ್ದು ಹುಟ್ಟಿದಾಗಿನಿಂದ ಕಿವಿ ಕೇಳದ ಹುಡುಗಿಯನ್ನು. ಬೀದಿಯವರಿಗೆ ನಗಲು ಅಷ್ಟು ಸಾಕಾಯಿತು. “ಅವಳಿಗೆ ಅದೃಷ್ಟ ಇದೆ ಬಿಡಿ, ಈ ರೇಡಿಯೊನ ಬಂದ್ ಮಾಡೋ ತಾಪತ್ರಯವೇ ಇಲ್ಲ” ಎಂದು ಪಕ್ಕದ ಅಂಗಡಿಯ ಚಪ್ಪಲಿ ಹೊಲಿಯುವವನು ಹೇಳುತ್ತಿದ್ದ. ರೇಡಿಯೊ ಇದಕ್ಕೆಲ್ಲ ಬೇಸರ ಮಾಡಿಕೊಳ್ಳುವವನಲ್ಲ. “ನೀವೆಲ್ಲ ನಾನು ಹೇಳಿದ್ದರಲ್ಲಿ ಅರ್ಧ ಕೇಳ್ತೀರಿ, ಅವಳು ಒಂದೂ ಬಿಡದೆ ನೋಡ್ತಾಳೆ” ಎನ್ನುತ್ತಿದ್ದ.

ಅವರಿಬ್ಬರು ಒಬ್ಬರನ್ನೊಬ್ಬರು ಕಂಡದ್ದೇ ಕನ್ನಡಿಯಲ್ಲಿ. ಅವಳ ಅಪ್ಪ ಗಡ್ಡ ತೆಗೆಸಲು ಬರುವಾಗ ಅವಳು ಜೊತೆಗೆ ಬಂದು ಹಿಂದಿನ ಬೆಂಚಿನ ಮೇಲೆ ಕೂರುತ್ತಿದ್ದಳಂತೆ. ಇವನು ಎಂದಿನಂತೆ ಬಾಯಿ ಬಿಡುವಿಲ್ಲದೆ ಮಾತಾಡುತ್ತ ಕನ್ನಡಿಗೆ ಕಣ್ಣು ಹಾಯಿಸಿದರೆ, ಆ ಹುಡುಗಿ ಕಣ್ಣು ಮಿಟುಕಿಸದೆ ಇವನ ತುಟಿಯನ್ನೇ ನೋಡುತ್ತಿದ್ದಾಳೆ. ಯಾರೂ ಇವನನ್ನು ಅಷ್ಟು ಮನಸ್ಸಿಟ್ಟು ನೋಡಿರಲಿಲ್ಲ. ಕೈಯಲ್ಲಿ ಮಾತಾಡುವುದನ್ನು ಅವಳಿಂದಲೇ ಕಲಿತ. ಕತ್ತರಿ ಹಿಡಿದ ಕೈಯಲ್ಲೇ ಕಲಿತದ್ದರಿಂದ ಅವನ ಕೈಮಾತಿನಲ್ಲಿ ಬಲಗೈಯ ಎರಡು ಬೆರಳು ಈಗಲೂ ಮಡಚಿಕೊಂಡೇ ಇರುತ್ತವೆ. ಅವಳ ಅಕ್ಕನಿಗೂ ಕಿವಿ ಕೇಳದು. ‘ನಿನ್ನ ಗಂಡ ತೊದಲುತ್ತಾನೆ’ ಎಂದು ಅವಳು ತಂಗಿಯನ್ನು ರೇಗಿಸುತ್ತಿದ್ದಳಂತೆ.

ಮೇಲಿನ ಮನೆಗೆ ಅವರು ಬಾಡಿಗೆಗೆ ಬಂದಾಗ ಸಾಮಾನಿಗಿಂತ ಕನ್ನಡಿಗಳೇ ಹೆಚ್ಚಾಗಿ ಬಂದವು. ಅಡುಗೆಮನೆಯಲ್ಲಿ ಒಲೆಯ ಮೇಲೊಂದು, ಹೊಲಿಗೆ ಮೆಷಿನ್ನಿನ ಎದುರಿಗೊಂದು, ಬಾಗಿಲ ಪಕ್ಕ ಒಂದು. ಇವನಿಗೇನು ಇಷ್ಟು ಷೋಕಿ ಎಂದುಕೊಂಡೆ. ಆಮೇಲೆ ತಿಳಿಯಿತು. ಅವಳು ಒಲೆಯ ಕಡೆ ತಿರುಗಿ ನಿಂತಿದ್ದಾಗ ಹಿಂದಿನಿಂದ ಕೂಗಿದರೆ ಕೇಳುವುದಿಲ್ಲವಲ್ಲ. ಕನ್ನಡಿಯಲ್ಲಾದರೆ ಕೈ ಕಾಣುತ್ತದೆ. ಕನ್ನಡಿಗೂ ಸಿಗದ ಮೂಲೆಯಲ್ಲಿದ್ದರೆ ಹಿಮ್ಮಡಿಯಿಂದ ನೆಲಕ್ಕೆ ಒಂದು ಗುದ್ದು. ಹಲಗೆಯ ನೆಲ, ಅದುರು ಕಾಲಿಗೆ ತಟ್ಟುತ್ತದೆ. ಅವರ ನೆಲವೇ ನಮ್ಮ ಮನೆಯ ಸೂರು. ಅವರು ಒಬ್ಬರನ್ನೊಬ್ಬರು ಕರೆಯುವುದೆಲ್ಲ ನನ್ನ ತಲೆಯ ಮೇಲೇ ನಡೆಯುತ್ತಿತ್ತು. ಅವಳದು ಸಣ್ಣ ಗುದ್ದು, ಅವನದು ಧಡಾರನೆ. ಗುದ್ದಾದ ಮೇಲೆ ಸದ್ದಿಲ್ಲ. ಆಗ ಮಾತು ಶುರುವಾಗಿದೆ ಎಂದು ಅರ್ಥ. ಎಷ್ಟೋ ಸಂಜೆ ಗಂಟೆಗಟ್ಟಲೆ ಸದ್ದಿಲ್ಲದ ಮೇಲೆ ಇಬ್ಬರೂ ಒಟ್ಟಿಗೆ ನಗುವುದು ಕೇಳಿಸುತ್ತಿತ್ತು. ಅವಳ ನಗು ಬಾಗಿಲ ಕೀಲು ಕಿರುಗುಟ್ಟಿದ ಹಾಗೆ. ಅವಳಿಗೆ ಅದು ಗೊತ್ತಿರಲಿಲ್ಲ, ನಾವು ಯಾರೂ ಹೇಳಲಿಲ್ಲ.

ಮಕ್ಕಳಾಗಲಿಲ್ಲ. ಅವಳು ಮನೆಯಲ್ಲಿ ಗುಂಡಿ ಹಾಕುವ, ಅಂಚು ಮಡಿಸುವ ಕೆಲಸ ಮಾಡುತ್ತಿದ್ದಳು. ಅಂಗಡಿಯ ಟವಲುಗಳನ್ನೂ ಗಿರಾಕಿಯ ಕುತ್ತಿಗೆಗೆ ಕಟ್ಟುವ ದೊಡ್ಡ ಬಿಳಿ ಬಟ್ಟೆಯನ್ನೂ ದಿನಾ ಸಂಜೆ ಒಗೆಯುತ್ತಿದ್ದಳು. ಆ ದೊಡ್ಡ ಬಟ್ಟೆ ನೆನೆದರೆ ಒಬ್ಬರಿಂದ ಹಿಂಡಲಾಗದು. ಮಹಡಿಯ ಮೇಲೆ ಇಬ್ಬರೂ ಒಂದೊಂದು ತುದಿ ಹಿಡಿದು, ಎದುರುಬದುರು ನಿಂತು ಹಿಂಡುತ್ತಿದ್ದರು. ಆಗ ಮಾತ್ರ ಅವರಿಗೆ ಮಾತಿಲ್ಲ. ಇಬ್ಬರ ಕೈಯೂ ಬಟ್ಟೆಯಲ್ಲಿ. ಸುಮ್ಮನೆ ಮುಖ ನೋಡಿಕೊಂಡು ಹಿಂಡುತ್ತಿದ್ದರು.

ಫೋನು ಮೊದಲು ಬಂದದ್ದು ಅವನಿಗಲ್ಲ, ಗಿರಾಕಿಗಳಿಗೆ. ಕುರ್ಚಿಗೆ ಬಂದು ಕೂತವರು ಬಿಳಿ ಬಟ್ಟೆಯ ಕೆಳಗಿನಿಂದ ಕೈ ತೂರಿಸಿ ಫೋನು ಹಿಡಿಯತೊಡಗಿದರು. ತಲೆಗಳೆಲ್ಲ ಬಗ್ಗಿದವು. “ಸ್ವಲ್ಪ ತಲೆ ಎತ್ತಿ ಸ್ವಾಮಿ” ಎಂದು ಗದ್ದಕ್ಕೆ ಕೈ ಕೊಟ್ಟು ಎತ್ತಿದರೆ ಎತ್ತುತ್ತಾರೆ, ಕೈ ತೆಗೆದರೆ ಮತ್ತೆ ಇಳಿಯುತ್ತದೆ. ಇವನು ಏನಾದರೂ ಕೇಳಿದರೆ “ಹ್ಞೂಂ” ಎನ್ನುತ್ತಾರೆ, ಅದು ಇವನಿಗೋ ಫೋನಿಗೋ ಗೊತ್ತಾಗದು. “ಬಾಳೆಗೊನೆಗೆ ಕ್ಷೌರ ಮಾಡ್ದಂಗಿದೆ, ದೊಡ್ಡಮ್ಮ” ಎಂದು ಒಂದು ದಿನ ನನ್ನ ಹತ್ತಿರ ಹೇಳಿಕೊಂಡಿದ್ದ. ಮಾತಾಡಲು ಯಾರೂ ಇಲ್ಲದೆ ಒಬ್ಬ ಗಿರಾಕಿಗೂ ಇನ್ನೊಬ್ಬ ಗಿರಾಕಿಗೂ ನಡುವೆ ತಾನೂ ಒಂದು ಫೋನು ಹಿಡಿದ. ಮೊದಮೊದಲು ಹಾಡು, ಸುದ್ದಿ. ಆಮೇಲೆ ಆ ಚಿಕ್ಕ ಚಿಕ್ಕ ವಿಡಿಯೊಗಳು. ದಿನವೆಲ್ಲ ಕೂದಲು ಕತ್ತರಿಸಿ ಮನೆಗೆ ಬಂದು, ಯಾರೋ ಯಾರದೋ ಕೂದಲು ಕತ್ತರಿಸುವುದನ್ನು ನೋಡುತ್ತ ಕೂರುತ್ತಿದ್ದ. ರತ್ನಗಂಬಳಿ ತೊಳೆಯುವುದು, ಸೋಪು ಕೊರೆಯುವುದು, ತುಕ್ಕು ಉಜ್ಜುವುದು. ಅವನಿಗೆ ರತ್ನಗಂಬಳಿಯೂ ಇಲ್ಲ, ತುಕ್ಕು ಹಿಡಿದ ಸಾಮಾನೂ ಇಲ್ಲ.

ನನ್ನ ತಲೆಯ ಮೇಲೆ ಸಣ್ಣ ಗುದ್ದುಗಳು ಹೆಚ್ಚಾದವು. ಒಂದು ಗುದ್ದಿಗೆ ಆಗುತ್ತಿದ್ದ ಕೆಲಸಕ್ಕೆ ಮೂರು, ನಾಲ್ಕು. ಒಮ್ಮೊಮ್ಮೆ ಸೂರಿನಿಂದ ಸುಣ್ಣ ಉದುರುವಷ್ಟು. ಆಮೇಲೆ ಕಡಿಮೆಯಾದವು. ಒಂದು ದಿನ ಇಲ್ಲವೇ ಇಲ್ಲ. “ಸದ್ಯ, ಇಬ್ಬರೂ ಸರಿಹೋದ್ರು ಅನ್ಸುತ್ತೆ” ಎಂದು ನನ್ನ ಸೊಸೆ ಹೇಳಿದಳು. ನಾನು ರೇಡಿಯೊನ ಹೆಂಡತಿಯನ್ನು ಮಹಡಿಯ ಮೇಲೆ ಬಟ್ಟೆ ಹರವುವಾಗ ಕಂಡೆ. ಅಷ್ಟು ವರ್ಷ ಕೆಳಗಿದ್ದು ನನಗೂ ಅವಳ ಕೈಮಾತು ಒಂದಿಷ್ಟು ಅರ್ಥವಾಗುತ್ತದೆ. ನಾನು ಕಾಲು ನೆಲಕ್ಕೆ ಕುಟ್ಟಿ ತೋರಿಸಿ, ಯಾಕೆ ಈಗಿಲ್ಲ ಎಂದು ಕೈ ಆಡಿಸಿದೆ. ಅವಳು ತನ್ನ ನೆತ್ತಿಯನ್ನು ತಟ್ಟಿಕೊಂಡಳು. ಎಲ್ಲ ಕನ್ನಡಿಯಲ್ಲೂ ಅವನ ನೆತ್ತಿಯೇ ಕಾಣುತ್ತದೆ ಎಂದಳು. ನೆತ್ತಿ ನೋಡುವುದು ಅವನ ಕೆಲಸ, ನನ್ನದಲ್ಲ ಎಂದಳು. ಹೇಳಿ ನಕ್ಕಳು. ಸದ್ದು ಬರಲಿಲ್ಲ.

ಆಮೇಲೆ ಅವನು ತಲೆಯಾಡಿಸಿದ ಆ ಸಂಜೆ ಬಂತು.

ಅವಳ ಅಕ್ಕ ಬೇರೆ ಊರಿನಲ್ಲಿ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಮೆಷಿನ್ನುಗಳ ಸದ್ದಿಗೆ ಕಿವಿ ಇರುವವರು ಹೆಚ್ಚು ದಿನ ನಿಲ್ಲುವುದಿಲ್ಲವಂತೆ, ತಲೆ ಹಿಡಿದುಕೊಂಡು ಓಡುತ್ತಾರೆ. ಅದಕ್ಕೇ ಯಜಮಾನ ಕಿವಿ ಕೇಳದವರನ್ನೇ ಹುಡುಕಿ ಇಟ್ಟುಕೊಂಡಿದ್ದಾನೆ. ಆ ಗದ್ದಲದಲ್ಲಿ ಬಾಯಲ್ಲಿ ಮಾತಾಡುವವರು ಕಿರಿಚಾಡುತ್ತಿದ್ದರೆ ಇವರು ಆ ತುದಿಯಿಂದ ಈ ತುದಿಗೆ ಆರಾಮಾಗಿ ಹರಟೆ ಹೊಡೆಯುತ್ತಾರೆ. ಅಲ್ಲಿ ಒಬ್ಬಳು ಬಾಣಂತನಕ್ಕೆ ರಜೆ ಹಾಕಿದಳು, ಅಷ್ಟು ದಿನಕ್ಕೆ ಬರುತ್ತೀಯಾ ಎಂದು ಅಕ್ಕ ಕರೆದಳು. ಇವಳು ಒಂದು ಸಂಜೆ ಗಂಡನ ಎದುರು ಬಂದು ನಿಂತು ಕೇಳಿದಳು. ಹೋಗಲಾ, ಬೇಡವೆಂದರೆ ಹೋಗುವುದಿಲ್ಲ ಎಂದಳು. ಅವನು ಫೋನಿನ ಮೇಲಿಂದ ಕಣ್ಣೆತ್ತಿ, ಮತ್ತೆ ಇಳಿಸಿ, ತಲೆಯಾಡಿಸಿದ.

“ಯಾವುದಕ್ಕೆ ಆಡಿಸಿದ್ನೋ ನನಗೇ ಗೊತ್ತಿಲ್ಲ” ಎಂದು ಮೆಟ್ಟಿಲ ಮೇಲೆ ಕೂತು ಹೇಳಿದ. “ಬೇರೆ ಮನೇಲಿ ಆದ್ರೆ, ಏಯ್ ಕೇಳಿಸ್ಕೊಂಡ್ರಾ ಇಲ್ವಾ ಅಂತ ಇನ್ನೊಂದ್ಸಲ ಕೂಗ್ತಾರೆ. ನಮ್ಮನೇಲಿ ತಲೆ ಆಡಿಸಿದ್ರೆ ಮುಗೀತು ದೊಡ್ಡಮ್ಮ. ಅದೇ ಮಾತು. ಅದನ್ನ ವಾಪಸ್ ತಗೊಳ್ಳೋ ಹಾಗಿಲ್ಲ.”

“ಅವಳು ಬಟ್ಟೆ ಜೋಡಿಸಿಕೊಳ್ಳೋದು ನೋಡ್ಲಿಲ್ವೇನಪ್ಪ?”

“ನೋಡ್ದೆ. ಅಕ್ಕನ ಮನೆಗೆ ಎರಡು ದಿನಕ್ಕೆ ಹೊರಟಿದಾಳೆ ಅಂದ್ಕೊಂಡೆ. ಚಳಿಗಾಲದ ಬಟ್ಟೇನೂ ಮಡಚಿ ಇಟ್ಕೊಂಡ್ಲು. ಆಗಲಾದ್ರೂ ಕೇಳಬೇಕಿತ್ತು.” ಸಿಪ್ಪೆ ಕೈಯಲ್ಲೇ ಹರಿದುಹೋಯಿತು. “ಬಸ್ ಸ್ಟ್ಯಾಂಡಿಗೆ ಹೋಗೋವರೆಗೂ ನನಗೆ ಗೊತ್ತಿರಲಿಲ್ಲ. ಅಲ್ಲಿ ಟಿಕೆಟ್ ತಗೊಳ್ಳುವಾಗ ಯಾವಾಗ ಬರ್ತೀಯಾ ಅಂದೆ. ಲಾಂಡ್ರೀಲಿ ಆ ಬಾಣಂತಿ ವಾಪಸ್ ಬಂದ ಮೇಲೆ, ನೀನೇ ಒಪ್ಪಿದ್ಯಲ್ಲ ಅಂದ್ಲು. ಒಂದು ಕ್ಷಣ ನನ್ನ ಮುಖ ನೋಡಿದ್ಲು. ನಾನು ಹೌದೌದು ಅಂದೆ. ಗೊತ್ತಿಲ್ಲ ಅಂತ ಹೆಂಗೆ ಹೇಳಲಿ? ಅದಾದ ಮೇಲೇನೇ ಗಾಜಿನ ಹಿಂದೆ ಏನೋ ಹೇಳಿದ್ದು.”

ನನ್ನ ಸೊಸೆ ಆಸ್ಪತ್ರೆಯಲ್ಲಿ ನರ್ಸು. ಅವಳು ಡ್ಯೂಟಿಯಿಂದ ಬಂದವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. “ನಿಮ್ಮನ್ನ ನೀವು ಬೈಕೊಂಡು ಇದನ್ನ ಬಿಡೋಕಾಗಲ್ಲ ಅಣ್ಣ. ಕೈಗೆ ಸಿಗದ ಹಾಗೆ ಮಾಡ್ಬೇಕು, ಸಿಕ್ಕರೂ ರುಚಿ ಇಲ್ಲದ ಹಾಗೆ ಮಾಡ್ಬೇಕು” ಎಂದಳು. ಅವನ ಫೋನು ಇಸಿದುಕೊಂಡು ಬಣ್ಣವನ್ನೆಲ್ಲ ತೆಗೆದು ಕಪ್ಪು-ಬಿಳುಪು ಮಾಡಿದಳು. ವಿಡಿಯೊ ಬರುವ ಆ್ಯಪ್ ಅಳಿಸಿದಳು. ಊಟದ ಮೇಜಿನ ಮೇಲೆ ಫೋನು ಬರಕೂಡದು, ಮಲಗುವ ಕೋಣೆಗಂತೂ ಬೇಡವೇ ಬೇಡ, ಎಚ್ಚರವಾಗಲು ಬೇಕಾದರೆ ಅಲಾರಂ ಗಡಿಯಾರ ಕೊಂಡುಕೊಳ್ಳಿ ಎಂದಳು.

“ಇಷ್ಟೇನಾ? ಈಗಲೇ ಮಾಡ್ತೀನಿ ತಾಯಿ” ಎಂದ ರೇಡಿಯೊ.

ಮಾಡಿದ. ಇಲ್ಲವೆನ್ನುವಂತಿಲ್ಲ. ಗಡಿಯಾರ ಕೊಂಡ. ಅಂಗಡಿಗೆ ಹೋದ ಕೂಡಲೇ ಫೋನನ್ನು ಒಗೆದ ಟವಲುಗಳ ಕೆಳಗೆ ಡ್ರಾಯರಿನಲ್ಲಿ ಹೂತಿಟ್ಟ. ಒಂದು ವಾರವಾಗುವಷ್ಟರಲ್ಲಿ ಬಂದು ಸೊಸೆಯ ಮುಂದೆ ನಿಂತ.

“ಸಿಸ್ಟರ್, ಕಪ್ಪು-ಬಿಳುಪಿನಲ್ಲೂ ಚೆನ್ನಾಗೇ ಇದೆ.”

“ಆ್ಯಪ್ ಅಳಿಸಿದ್ನಲ್ಲ ಅಣ್ಣ?”

“ಮತ್ತೆ ಹಾಕ್ಕೊಂಡೆ. ನಾನಲ್ಲ, ನನ್ನ ಕೈ. ಹಲ್ಲು ಉಜ್ಜುತಾ ನಿಂತಿದ್ದೆ, ನೋಡಿದ್ರೆ ಎಡಗೈ ಅದರ ಪಾಡಿಗೆ ಅದು ಹಾಕ್ಕೊಂಡುಬಿಟ್ಟಿದೆ.”

“ಟವಲು ಕೆಳಗಿಟ್ಟದ್ದು?”

“ಗಿರಾಕಿಗೆ ಅಂತ ಟವಲು ತೆಗೀಬೇಕಲ್ಲ ತಾಯಿ. ದಿನಕ್ಕೆ ಎಷ್ಟು ಟವಲು ತೆಗೀತೀನಿ.”

ನಾವು ಮೂವರೂ ನಕ್ಕೆವು. ಅವನು ಮೊದಲು ನಿಲ್ಲಿಸಿದ. “ಖಾಲಿ ಮನೆಗೆ ಹೋಗ್ತೀನಿ. ಕನ್ನಡಿಲೆಲ್ಲ ನಾನೇ ಇರ್ತೀನಿ. ಅದನ್ನ ನೋಡೋಕಾಗದೆ ಇದನ್ನ ನೋಡ್ತೀನಿ” ಎಂದ. “ಬಿದ್ದರೆ ಏಳೋದು, ಮತ್ತೆ ಅಳಿಸೋದು, ಬೇರೆ ದಾರಿ ಇಲ್ಲ. ಕೈಗೆ ಬೇರೆ ಕೆಲಸ ಕೊಡಿ” ಎಂದಳು ಸೊಸೆ. ಅವನು ಅಂದಿನಿಂದ ಟವಲು ಒಗೆಯುವುದನ್ನು ಸಂಜೆಗೆ ಬಿಡದೆ, ಕೈ ಜೇಬಿಗೆ ಹೋದಾಗಲೆಲ್ಲ ಎದ್ದು ಒಂದೊಂದನ್ನೇ ಒಗೆಯತೊಡಗಿದ. ಅಂಗಡಿಯಲ್ಲಿ ಅಷ್ಟು ಬೆಳ್ಳನೆಯ ಟವಲುಗಳನ್ನು ಬೀದಿ ಯಾವತ್ತೂ ಕಂಡಿರಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಫೋನು ಬೇಕೇ ಬೇಕಿತ್ತು. ದಿನಾ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ, ಲಾಂಡ್ರಿಯಲ್ಲಿ ಊಟದ ಬಿಡುವು. ಆಗ ಹೆಂಡತಿ ವಿಡಿಯೊ ಕರೆ ಮಾಡುತ್ತಾಳೆ. ಇವನು ಫೋನನ್ನು ಕನ್ನಡಿಯ ಮುಂದೆ ಪೌಡರ್ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಎರಡೂ ಕೈ ಬಿಡುವು ಮಾಡಿಕೊಂಡು ಕೂರುತ್ತಾನೆ. ಊಟವಾಯಿತಾ, ಅಲ್ಲಿ ಚಳಿಯಾ, ಚಪ್ಪಲಿಯವನ ಮಗಳಿಗೆ ಗಂಡು ನೋಡಿದರಾ, ಹೀಗೆ. ಗಾಜಿನ ಹಿಂದೆ ಹೇಳಿದ್ದೇನು ಎಂದು ಕೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದ, ದಿನಾ ಕೇಳುತ್ತಿರಲಿಲ್ಲ. ಕೇಳಿದರೆ, ನೋಡಲಿಲ್ಲ ಎಂದು ಒಪ್ಪಿಕೊಂಡ ಹಾಗೆ.

ಬಾಣಂತನಕ್ಕೆ ಹೋದವಳು ಕೆಲಸ ಬಿಟ್ಟಳು. ಆ ಜಾಗಕ್ಕೆ ಇವಳನ್ನೇ ಕಾಯಂ ಮಾಡುತ್ತೇನೆ, ಶನಿವಾರದೊಳಗೆ ಹೇಳು ಎಂದು ಯಜಮಾನ ಕೇಳಿದನಂತೆ. ಗುರುವಾರ ಇವಳು ಅದನ್ನು ಗಂಡನಿಗೆ ತಿಳಿಸಿದಳು. ನಾಳೆ ನೀನು ಹೇಳು, ಯೋಚಿಸಿ ಹೇಳು ಎಂದಳು.

ಶುಕ್ರವಾರ ಬೆಳಿಗ್ಗೆ ರೇಡಿಯೊ ನಮ್ಮ ಬಾಗಿಲಿಗೆ ಬಂದ. ತಾನೇ ತನ್ನ ಗಡ್ಡ ತೆಗೆದುಕೊಂಡಿದ್ದ, ಗದ್ದದಲ್ಲಿ ಒಂದು ಕಡೆ ಕೊಯ್ದುಕೊಂಡಿದ್ದ. ಅವನ ಕೈ ಹಾಗೆ ತಪ್ಪಿದ್ದನ್ನು ನಾನು ನೋಡಿರಲಿಲ್ಲ.

“ಮಧ್ಯಾಹ್ನ ಅಂಗಡಿಗೆ ಬಂದು ಕೂತ್ಕೊಳ್ಳಿ ದೊಡ್ಡಮ್ಮ.”

“ನಾನ್ಯಾಕೋ? ಗಂಡ ಹೆಂಡತಿ ಮಾತಲ್ಲಿ ಈ ಮುದುಕಿಗೇನು ಕೆಲಸ?”

“ಹಿಂದೆ ಬೆಂಚಿನ ಮೇಲೆ ಕೂತಿರಿ. ನನ್ನ ಕಣ್ಣು ಆ ಕಡೆ ಈ ಕಡೆ ಹೋದ್ರೆ ಕುರ್ಚಿಗೆ ಒಂದು ಒದೀರಿ.”

“ನನ್ನ ಮಂಡಿಗೆ ಒದೆಯೋ ಶಕ್ತಿ ಎಲ್ಲಿದೆ ಮಗಾ.”

“ಕೋಲಿದೆಯಲ್ಲ, ಅದರಲ್ಲಿ ಕೊಡಿ.”

ಹೋದೆ. ಅಂಗಡಿಯೆಂದರೆ ಉದ್ದಕ್ಕೆ ಒಂದು ಓಣಿಯ ಹಾಗೆ, ಗೋಡೆಯ ತುಂಬ ಒಂದೇ ಕನ್ನಡಿ, ಎರಡು ಕುರ್ಚಿ. ಒಂದರ ಹರಿದ ಮೆತ್ತೆಗೆ ಅವಳು ಹಾಕಿದ ತೇಪೆ. ಅವಳು ಮೊದಲು ಕೂರುತ್ತಿದ್ದ ಬೆಂಚಿನ ಮೇಲೆ ನಾನು ಕೂತೆ. ಅವನು ಬಾಗಿಲ ಪರದೆ ಎಳೆದ. ಫೋನನ್ನು ಒರಗಿಸಿದ. ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

ಅವಳು ಬಂದಳು. ಅಷ್ಟು ದೂರದಿಂದ ನನಗೆ ಅವಳ ಮುಖ ಬೆರಳಿನಷ್ಟು ಕಂಡಿತು; ಅವಳ ಹಿಂದೆ ಗಾಡಿಗಳಲ್ಲಿ ಬಿಳಿ ಬಟ್ಟೆಯ ರಾಶಿ. ಮೈಕೈ ತುಂಬಿಕೊಂಡಿದ್ದಳು. ನನ್ನನ್ನು ಕಂಡು ಕೈ ಬೀಸಿದಳು. ನಾನು ಕೋಲೆತ್ತಿ ತೋರಿಸಿದೆ. ನಕ್ಕಳು. ಹಿಂದಿನಿಂದ ಯಾರೋ ಹಾದುಹೋಗುತ್ತ ಅವಳ ಭುಜ ತಟ್ಟಿ ಏನೋ ಹೇಳಿದರು, ಅದಕ್ಕೂ ನಕ್ಕಳು.

ರೇಡಿಯೊ ಶುರುಮಾಡಿದ. ಅವನ ಕೈಗಳನ್ನು ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ನಾನು ತಪ್ಪು ಮಾಡಿದೆ ಎಂದ. ಅವತ್ತು ನೀನು ಕೇಳಿದ್ದು ನೋಡದೆ ತಲೆಯಾಡಿಸಿದೆ ಎಂದ. ಮಡಚಿದ ಆ ಎರಡು ಬೆರಳುಗಳನ್ನೂ ಬಿಡಿಸಿ, ಒಂದೊಂದು ಮಾತನ್ನೂ ಶಾಲೆಯ ಹುಡುಗನ ಹಾಗೆ ದುಂಡಗೆ ಹೇಳಿದ. ಈಗ ಫೋನಿನಲ್ಲಿ ಏನೂ ಇಟ್ಟುಕೊಂಡಿಲ್ಲ, ಊಟದ ಹೊತ್ತಿಗೆ ಮುಟ್ಟುವುದಿಲ್ಲ, ಮಲಗುವಾಗ ಹೊರಗಿಡುತ್ತೇನೆ ಎಂದ. ಅವಳು ಕಣ್ಣು ಕದಲಿಸದೆ ನೋಡುತ್ತಿದ್ದಳು. ಅವನ ಕೈ ಎದೆಯ ಹತ್ತಿರ ಬಂತು. ಅದು ‘ಬಾ’ ಎನ್ನುವುದರ ಮೊದಲ ಅರ್ಧ. ಕೈಯನ್ನು ಮುಂದೆ ಚಾಚಿ ತನ್ನ ಕಡೆಗೆ ಎಳೆದುಕೊಳ್ಳಬೇಕು.

ಆಗ ಫೋನಿನ ಮೇಲಂಚಿನಿಂದ ಒಂದು ಪಟ್ಟಿ ಇಳಿಯಿತು.

ಏನೂ ಅಲ್ಲ. ಕ್ಷೌರದ ಸಾಮಾನು ಮಾರುವ ಯಾರೋ ಕಳಿಸಿದ ಜಾಹೀರಾತು. ವಿಡಿಯೊ ಆ್ಯಪನ್ನು ಅಳಿಸಿದ್ದ, ಬಣ್ಣ ತೆಗೆದಿದ್ದ, ಇಂಥ ಪಟ್ಟಿಗಳು ಬರದಂತೆ ನಿಲ್ಲಿಸುವುದು ಅವನಿಗೂ ಹೊಳೆದಿರಲಿಲ್ಲ, ಸೊಸೆಗೂ ನೆನಪಾಗಿರಲಿಲ್ಲ. ಅದು ಅವಳ ಹಣೆಯ ಮೇಲೆ ಬಂದು ನಿಂತಿತು. ಅವನ ಕಣ್ಣು ಮೇಲೆ ಹೋಯಿತು. ನಾನು ಕೋಲೆತ್ತುವಷ್ಟರಲ್ಲಿ ಇಳಿದೂ ಬಿಟ್ಟಿತು. ರೆಪ್ಪೆ ಬಡಿಯುವಷ್ಟು ಹೊತ್ತು. ಬೇರೆ ಯಾರಿಗಾದರೂ ಗೊತ್ತೇ ಆಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಎದುರಿನವರ ಕಣ್ಣು ನೋಡಿಯೇ ಬದುಕಿದವಳಿಗೆ ಗೊತ್ತಾಗದೆ ಇರುತ್ತದೆಯೇ?

ಅವನು ಕೈ ಚಾಚಿ ‘ಬಾ’ ಎಂದು ಮುಗಿಸಿದ. ಅವಳು ಸ್ವಲ್ಪ ಹೊತ್ತು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಕೋಪವಿರಲಿಲ್ಲ. ಕೋಪವಿದ್ದರೆ ಅವಳ ಕೈ ಗಾಳಿಯನ್ನು ಕೊಯ್ಯುವಂತೆ ಆಡುತ್ತಿತ್ತು, ನನಗೆ ಗೊತ್ತು. ಆಮೇಲೆ ನಿಧಾನವಾಗಿ ಹೇಳಿದಳು. ಇಲ್ಲಿ ನಾನು ಕೈ ಎತ್ತಿದರೆ ಎಲ್ಲರ ತಲೆಯೂ ಎತ್ತುತ್ತದೆ ಎಂದಳು. ನಾನು ಇಲ್ಲೇ ಇರುತ್ತೇನೆ ಎಂದಳು. ನೀನು ರಜ ಹಾಕಿದಾಗ ಬಾ, ಅಕ್ಕನ ಮನೆಯಲ್ಲಿ ಜಾಗವಿದೆ.

ರೇಡಿಯೊನ ಬಾಯಿ ತೆರೆದುಕೊಂಡಿತು. ದಿನವಿಡೀ ಮಾತಾಡುವ ಬಾಯಿ. ಅಲ್ಲಿ ಅದಕ್ಕೆ ಕೆಲಸವಿರಲಿಲ್ಲ. ನಾನು ಬೆಂಚಿನ ಮೇಲೆ ಕೋಲು ಹಿಡಿದು ಕೂತಿದ್ದೆ. ಒದೆಯಬೇಕಾದಾಗ ಒದೆಯಲಾಗಲಿಲ್ಲ, ಈಗ ಏನು ಮಾಡಿದರೂ ಪ್ರಯೋಜನವಿರಲಿಲ್ಲ.

ಕೊನೆಗೆ ಅವನು ಕೇಳಿದ. ಅವತ್ತು ಬಸ್ಸಿನ ಗಾಜಿನ ಹಿಂದೆ ಏನು ಹೇಳಿದೆ?

ಅವಳು ಯೋಚಿಸಿದಳು, ಇಲ್ಲವೆ ಯೋಚಿಸುವವಳಂತೆ ಪಕ್ಕಕ್ಕೆ ನೋಡಿದಳು. ನೆನಪಿಲ್ಲ ಎಂದಳು. ಹಾಲಿನ ವಿಷಯ ಇರಬೇಕು ಎಂದಳು. ಊಟದ ಬಿಡುವು ಮುಗಿಯಿತು, ನಾಳೆ ಮಾತಾಡೋಣ ಎಂದಳು. ಫೋನಿನ ಮೇಲೆ ಅವಳ ಮುಖ ಹೋಗಿ ಕಪ್ಪು ಗಾಜು ಉಳಿಯಿತು.

ಅವನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. “ಕಣ್ಣು ಹೋಗದೆ ಇದ್ದಿದ್ರೆ ಬರ್ತಿದ್ಲಾ ದೊಡ್ಡಮ್ಮ?”

“ನನಗೆ ಗೊತ್ತಿಲ್ಲಪ್ಪ.”

“ಮೊದಲೇ ನಿರ್ಧಾರ ಮಾಡಿದ್ಲಾ?”

“ಅದೂ ಗೊತ್ತಿಲ್ಲ.”

“ಏನಾದ್ರೂ ಒಂದು ಹೇಳಿ.”

“ಅಂಗಡಿ ಬಿಟ್ಟು ನೀನೇ ಅಲ್ಲಿಗೆ ಹೋಗಕ್ಕಾಗಲ್ವಾ? ಕ್ಷೌರದ ಕೆಲಸಕ್ಕೆ ಯಾವ ಊರಾದ್ರೇನು?”

“ಬಂದುಬಿಡು ಅನ್ನಲಿಲ್ಲ ಅವಳು. ರಜಕ್ಕೆ ಬಾ ಅಂದ್ಲು” ಎಂದ.

ಅವತ್ತು ಸಂಜೆ ಸೊಸೆ ಫೋನಿನಲ್ಲಿ ಆ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಆರಿಸಿದಳು. ಹೆಂಡತಿಯ ಕರೆಯೊಂದನ್ನು ಬಿಟ್ಟು ಇನ್ನೇನೂ ಬರದಂತೆ ಮಾಡಿದಳು. “ಇಷ್ಟು ಸುಲಭವಾ ಇದು?” ಎಂದು ಅವನು ಕೇಳಿದ. “ಹ್ಞೂಂ ಅಣ್ಣ, ಮೊದಲೇ ಮಾಡಿಕೊಡಬೇಕಿತ್ತು” ಎಂದು ಸೊಸೆ ತಲೆ ತಗ್ಗಿಸಿದಳು. ಅವಳದೇನೂ ತಪ್ಪಿರಲಿಲ್ಲ.

ಅಂದಿನಿಂದ ಆ ಫೋನು ಮಧ್ಯಾಹ್ನ ಒಮ್ಮೆ ಗುರ್ ಎನ್ನುತ್ತದೆ, ಉಳಿದ ಹೊತ್ತು ಕಲ್ಲಿನ ಹಾಗೆ ಬಿದ್ದಿರುತ್ತದೆ. ಅವನು ಅದನ್ನು ಮುಟ್ಟುವುದಿಲ್ಲ. ಮುಟ್ಟದೆ ಇರುವುದು ಈಗ ಕಷ್ಟವೂ ಅಲ್ಲವಂತೆ. “ಬೇಕಾದಾಗ ಬಿಡಲಿಲ್ಲ, ಈಗ ತಾನೇ ಬಿಟ್ಟುಹೋಯ್ತು” ಎನ್ನುತ್ತಾನೆ. ಗಿರಾಕಿಗಳು ಬಗ್ಗಿಯೇ ಕೂರುತ್ತಾರೆ. ಅವನು ಒಂದೊಂದು ಸಲ ಅವರಿಗೆ ಮಾತು ಶುರುಮಾಡಿ ನೋಡುತ್ತಾನೆ. ಒಬ್ಬಿಬ್ಬರು ತಲೆ ಎತ್ತಿದ್ದೂ ಉಂಟು.

ಹೆಂಡತಿ ದಿನಾ ಕರೆ ಮಾಡುತ್ತಾಳೆ. ಇವನು ಕಣ್ಣು ಕದಲಿಸುವುದಿಲ್ಲ. ಅವಳು ಲಾಂಡ್ರಿಯ ಸುದ್ದಿ ಹೇಳುತ್ತಾಳೆ, ನಗುತ್ತಾಳೆ. ಬರುತ್ತೇನೆ ಎಂದು ಹೇಳಿಲ್ಲ.

ನಿನ್ನೆ ಸಂಜೆ ಮಹಡಿಯ ಮೇಲೆ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಅವನು ಬಕೆಟ್ಟು ಹಿಡಿದು ಮೇಲೆ ಬಂದ. ಟವಲುಗಳನ್ನು ಒದರಿ ಒದರಿ ಹಗ್ಗಕ್ಕೆ ಹಾಕಿದ. ಕೊನೆಗೆ ದೊಡ್ಡ ಬಿಳಿ ಬಟ್ಟೆ ಉಳಿಯಿತು. ಒಬ್ಬನೇ ಅದನ್ನು ಕಂಬಿಗೆ ಸುತ್ತಿ ಹಿಂಡಲು ನೋಡಿದ. ನೀರೆಲ್ಲ ಕಾಲ ಮೇಲೆ ಸುರಿಯಿತು.

“ತಾ ಇಲ್ಲಿ” ಎಂದೆ.

“ನಿಮ್ಮ ಕೈಲಿ ಆಗಲ್ಲ ದೊಡ್ಡಮ್ಮ.”

“ಆಗೋಷ್ಟು ಆಗುತ್ತೆ, ತಾ.”

ಒಂದು ತುದಿ ನನಗೆ ಕೊಟ್ಟ. ಇನ್ನೊಂದು ತುದಿ ಹಿಡಿದು ಎದುರಿಗೆ ನಿಂತ. ನಾನು ಗಟ್ಟಿಯಾಗಿ ಹಿಡಿದುಕೊಂಡೆ, ಅವನು ತಿರುಚಿದ. ನೀರು ನಡುವೆ ಸುರಿಯಿತು. ಬಟ್ಟೆ ಬಿಡಿಸಿ, ಜಾಡಿಸಿ, ಅಂಚಿಗೆ ಅಂಚು ಕೂಡಿಸಿ ಹಗ್ಗಕ್ಕೆ ಹಾಕಿದೆವು. ಅವನು ಕ್ಲಿಪ್ಪು ಸಿಕ್ಕಿಸಿದ, ಬಕೆಟ್ಟಿನ ತಳದ ನೀರನ್ನು ಮೂಲೆಯ ತೂಬಿಗೆ ಚೆಲ್ಲಿದ.